ನನ್ನ ಟ್ರಂಕಿನಲ್ಲಿ ಭದ್ರವಾಗಿದ್ದ ಕಾರ್ಡು

ನಾವು ಆ ಊರಿನಲ್ಲಿ ಹಂಚಿದ ಮೊದಲ ಕಾರ್ಡುಗಳಲ್ಲಿ ಒಂದು, ಒಂದೇ ತಿಂಗಳಲ್ಲಿ ಹಾಲಿನ ಪಾತ್ರೆಯ ಮುಚ್ಚಳವಾಗಿತ್ತು. ಇನ್ನೊಂದನ್ನು ಹಿಡಿದು ಒಬ್ಬ ಅಜ್ಜಿ ಒಲೆಗೆ ಗಾಳಿ ಹಾಕುತ್ತಿದ್ದಳು. ಮೂರನೆಯದು ಎಲ್ಲಿ ಎಂದು ಕೇಳಿದರೆ, "ಮೇಕೆ ತಿನ್ಕಂಡ್ಬುಡ್ತು ಕಣಕ್ಕ" ಎಂದು ಆ ಮನೆಯಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಒಬ್ಬೊಬ್ಬರ ಹೆಸರು, ವಯಸ್ಸು, ಬಿಪಿ, ಸಕ್ಕರೆ, ಕೊಟ್ಟ ಮಾತ್ರೆ ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟಿದ್ದವಳು ನಾನು. ಬೆರಳು ನೋಯುವಷ್ಟು ಬರೆದಿದ್ದೆ.

ಹೇಳಿಬಿಡುತ್ತೇನೆ, ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸರ್ಕಾರಿ ಸ್ವಾಮ್ಯದ ಒಂದು ದೊಡ್ಡ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಮಾತ್ರೆ ಕೊಡುವ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವಳು ನಾನು. ಫಾರ್ಮಸಿಸ್ಟ್. ಆ ಕಿಟಕಿಯ ಮುಂದೆ ಫೋರ್‌ಮನ್‌ಗಳೂ ಸಾಲು ಮುರಿಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಬ್ರೂಕ್‌ಫೀಲ್ಡಿನ ನಮ್ಮ ಮನೆಯಲ್ಲಿ ಬೈಯಲು ಗಂಡ ಒಬ್ಬರೇ ಉಳಿದಿದ್ದರು. ಅವರೂ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇದ್ದವರು. ಯಂತ್ರದ ಸದ್ದಿಗೆ ಕಿವಿ ಅರ್ಧ ಹೋಗಿದ್ದರಿಂದ ನನ್ನ ಬೈಗುಳ ಅವರಿಗೆ ತಾಗುತ್ತಲೇ ಇರಲಿಲ್ಲ.

ಅಂಥ ದಿನಗಳಲ್ಲಿ ನಮ್ಮ ಹಿಂದಿನ ರಸ್ತೆಯ ಡಾಕ್ಟ್ರಮ್ಮ ಬೆಳಗಿನ ವಾಕಿಂಗಿನಲ್ಲಿ ಜೊತೆಯಾದರು. ಎಪ್ಪತ್ತು ದಾಟಿದವರು, ಮಿಷನ್ ಆಸ್ಪತ್ರೆಗಳಲ್ಲೇ ಜೀವ ಸವೆಸಿದವರು. ಅವರ ಚರ್ಚಿನವರು ಪ್ರತಿ ತಿಂಗಳ ಎರಡನೇ ಶನಿವಾರ ಆನೇಕಲ್ ದಾಟಿ, ಕಾಡಿನ ಅಂಚಿನ ಒಂದು ಊರಿಗೆ ಹೋಗಿ ಉಚಿತವಾಗಿ ಔಷಧ ಕೊಟ್ಟು ಬರುತ್ತಿದ್ದರು. "ಮಾತ್ರೆ ಕೊಡೋಕೆ ಒಬ್ರು ಬೇಕು ಕಣ್ರೀ. ನಮ್ಮ ಹುಡುಗೀರು ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡನ್ನೂ ಒಂದೇ ಕವರಿಗೆ ಹಾಕಿ ಕೊಟ್ಬಿಡ್ತಾರೆ" ಎಂದರು. ಅಯ್ಯೋ ದೇವರೇ ಎಂದುಕೊಂಡೆ. ಒಂದೇ ಕವರಿಗೆ! ಆ ಒಂದು ಮಾತಿಗೆ ಒಪ್ಪಿಕೊಂಡೆ, ಸೇವೆಯ ಹಂಬಲದಿಂದೇನೂ ಅಲ್ಲ.

"ಹಣೆ ಮೇಲೆ ಕಾಸಗಲ ಕುಂಕುಮ ಇಟ್ಕೊಂಡು ಚರ್ಚ್ ವ್ಯಾನ್ ಹತ್ತೋಳು ಇಡೀ ಬ್ರೂಕ್‌ಫೀಲ್ಡಲ್ಲಿ ನೀನೊಬ್ಳೇ ಕಣೇ" ಎಂದು ನನ್ನ ಗಂಡ ಛೇಡಿಸಿದರು. ಚರ್ಚಿನವರು ಮಾತ್ರ ಒಂದು ದಿನವೂ ನನ್ನ ಕುಂಕುಮದ ಸುದ್ದಿ ಎತ್ತಲಿಲ್ಲ. ವ್ಯಾನಿನಲ್ಲಿ ಪ್ರಾರ್ಥನೆ ಶುರುವಾದಾಗ ನಾನು ಕಣ್ಣು ಮುಚ್ಚದೆ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆ. ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

ಆದರೆ ನನ್ನನ್ನು ರೇಗಿಸಲು ಬೇರೆ ನೂರು ಕಾರಣಗಳಿದ್ದವು. ಆರೂವರೆಗೆ ಹೊರಡಬೇಕಾದ ವ್ಯಾನ್ ಎಂಟಕ್ಕೆ ಮುಂಚೆ ಹೊರಟ ಶನಿವಾರವೇ ಇಲ್ಲ. ಬ್ಯಾನರ್ ತರಲು ಯಾರೂ ಮರೆಯುತ್ತಿರಲಿಲ್ಲ, ತೂಕದ ಮಷಿನ್ ಮರೆಯುತ್ತಿದ್ದರು. ಐಟಿ ಕಂಪನಿಯ ನಾಲ್ಕಾರು ಹುಡುಗ ಹುಡುಗಿಯರು ಬರುತ್ತಿದ್ದರು, ಒಳ್ಳೆಯ ಮಕ್ಕಳೇ. ಆದರೆ ಒಂದು ಕೈಯಲ್ಲಿ ಬಿಪಿ ಪಟ್ಟಿ, ಇನ್ನೊಂದು ಕೈಯಲ್ಲಿ ಸೆಲ್ಫಿ. ವರ್ತೂರಿನ ಜಾಮ್ ದಾಟಿ, ಸರ್ಜಾಪುರ ದಾಟಿ, ಆನೇಕಲ್ಲಿನಲ್ಲಿ ಇಡ್ಲಿ ತಿಂದು, ಮತ್ತೆ ಒಂದು ಗಂಟೆ ಗುಂಡಿಗಳಲ್ಲಿ ಕುಣಿದು ಊರು ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಅಲ್ಲಿ ಬೆಳಗ್ಗೆ ಏಳರಿಂದ ಮುದುಕ ಮುದುಕಿಯರು ಅಂಗನವಾಡಿಯ ಜಗುಲಿಯಲ್ಲಿ ಕಾದು ಕೂತಿರುತ್ತಿದ್ದರು. ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಆ ಊರಿಗೆ ದಿನಕ್ಕೆ ಎರಡೇ ಬಸ್ಸು. ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆಗಳು ಬರುತ್ತವೆ, ಆಗ ಸಂಜೆಯ ಬಸ್ಸೂ ಇಲ್ಲ. ಆದರೂ ಊರ ಹಿಂದಿನ ಬಂಡೆ ಹತ್ತಿ ನಿಂತರೆ ದೂರದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಕಾಣಿಸುತ್ತಿದ್ದವು. ಊರಿನ ಹೆಂಗಸರಲ್ಲಿ ಅರ್ಧದಷ್ಟು ಜನ ಮೂರು ಕಿಲೋಮೀಟರ್ ನಡೆದು, ಮೇನ್ ರೋಡಿನಲ್ಲಿ ಗಾರ್ಮೆಂಟ್ಸ್ ವ್ಯಾನ್ ಹತ್ತಿ ಹೊಲಿಗೆಗೆ ಹೋಗುವವರು. ಬಟ್ಟೆ ಹೊಲಿಯಲು ಕರೆದುಕೊಂಡು ಹೋಗುವ ವ್ಯಾನ್ ದಿನಾ ಬರುತ್ತದೆ, ವೈದ್ಯರು ತಿಂಗಳಿಗೊಮ್ಮೆ. ಇದನ್ನು ನಾನು ವ್ಯಾನಿನಲ್ಲಿ ಗಟ್ಟಿಯಾಗಿ ಹೇಳಿದಾಗ ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿ ಇನ್ನೊಂದು ಹಾಡು ಶುರು ಮಾಡಿದರು.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯಲ್ಲಿ ನಮಗೊಂದು ಪದ್ಧತಿ ಇತ್ತು. ಪ್ರತಿ ಕಾರ್ಮಿಕನಿಗೂ ಒಂದು ಮೆಡಿಕಲ್ ಬುಕ್, ಅದರ ಮೇಲೆ ಅವನ ಟೋಕನ್ ನಂಬರು. ಆ ಬುಕ್ ಎಂದೂ ಅವನ ಕೈಗೆ ಹೋಗುತ್ತಿರಲಿಲ್ಲ, ಡಿಸ್ಪೆನ್ಸರಿಯ ರ‍್ಯಾಕಿನಲ್ಲಿ ನಂಬರಿನ ಪ್ರಕಾರ ನಿಂತಿರುತ್ತಿತ್ತು. ಲೇಥಿಗೆ ಕೈ ಕೊಟ್ಟವನನ್ನು ನಾಲ್ಕು ಜನ ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವನ ಬುಕ್ ಡಾಕ್ಟರ ಮೇಜಿನ ಮೇಲೆ ತೆರೆದಿರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಬುಕ್ ಕಳೆದಿಲ್ಲ. ಇದು ನನ್ನ ಜಂಬ, ಇದ್ದರೂ ತಪ್ಪಿಲ್ಲ ಎಂದುಕೊಂಡಿದ್ದೆ.

ಮೇಕೆಯ ಕಥೆ ಕೇಳಿದ ದಿನವೇ ವ್ಯಾನಿನಲ್ಲಿ ಘೋಷಿಸಿದೆ. "ಇನ್ಮೇಲೆ ಕಾರ್ಡು ಅವರ ಕೈಗಿಲ್ಲ. ನಂಬರ್ ಹಾಕಿ ನಾನೇ ಇಟ್ಕೋತೀನಿ. ಬಂದಾಗ ತೆಗೆದು ಕೊಡ್ತೀನಿ, ಹೋಗುವಾಗ ವಾಪಸ್ ಇಸ್ಕೋತೀನಿ."

ಡಾಕ್ಟ್ರಮ್ಮ ಮುಂದಿನ ಸೀಟಿನಿಂದ ತಿರುಗಿ, "ಕಾರ್ಡು ಅವರದಲ್ವಾ?" ಎಂದರು.

"ಅವರದೇ. ಅದಕ್ಕೇ ಭದ್ರವಾಗಿ ಇಡೋದು" ಎಂದೆ.

ನನ್ನ ದನಿ ಕೇಳಿ ಅವರು ಮುಂದೆ ಮಾತಾಡಲಿಲ್ಲ. ಚರ್ಚಿನ ಪಾದ್ರಿಗಳಿಗೆ, ಎಲ್ಲರೂ ಅಯ್ಯನವರು ಎನ್ನುತ್ತಿದ್ದವರಿಗೆ, ನನ್ನ ಏರ್ಪಾಡು ಬಹಳ ಹಿಡಿಸಿತು. ಮುಂದಿನ ಭಾನುವಾರ ಸಭೆಯಲ್ಲಿ ನನ್ನನ್ನು ಹೊಗಳಿದರಂತೆ. ಕಾರ್ಖಾನೆಯ ಹರಾಜಿನಲ್ಲಿ ಕೊಂಡಿದ್ದ ನೀಲಿ ಬಣ್ಣದ ಕಬ್ಬಿಣದ ಟ್ರಂಕ್ ನಮ್ಮ ಮನೆಯಲ್ಲಿತ್ತು. ಹಳದಿ ಕಾರ್ಡುಗಳೆಲ್ಲ ಅದರೊಳಗೆ ಸಾಲಾಗಿ ನಿಂತವು. ಬೀಗದ ಕೈ ನನ್ನ ದೇವರಮನೆಯ ಬೀಗದ ಕೈ ಗೊಂಚಲಿಗೆ ಸೇರಿತು.

ಅದಾದ ಮುಂದಿನ ಕ್ಯಾಂಪಿಗೆ ಹೊಲಿಗೆಗೆ ಹೋಗುವ ಒಬ್ಬಾಕೆ ಬಂದಳು. ಮೂವತ್ತರ ಆಸುಪಾಸು, ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸುವ ಮಿಷಿನ್ನು. ಶರ್ಟಿನಲ್ಲಿ ಕಾಲರ್ ಕೂರಿಸುವುದೇ ಕಷ್ಟ, ಅದಕ್ಕೆ ಕಣ್ಣು ಚುರುಕಿರಬೇಕು ಎಂದು ಅವಳೇ ಹೆಮ್ಮೆಯಿಂದ ಹೇಳಿದ್ದಳು. ಗಂಡ ಬಿಟ್ಟುಹೋಗಿದ್ದ. ಮನೆಯಲ್ಲಿ ತಾಯಿ, ಶಾಲೆಗೆ ಹೋಗುವ ಒಬ್ಬ ಮಗಳು, ದುಡಿಯುವ ಕೈ ಇವಳದೊಂದೇ. ಅವತ್ತು ಅವಳ ತುಟಿ ಊದಿಕೊಂಡಿತ್ತು, ತೋಳಿನ ಮೇಲೆ ಸುಟ್ಟ ಹಾಗೆ ಕಪ್ಪು ಕಲೆಗಳು ಎದ್ದಿದ್ದವು.

"ಉರಿಮೂತ್ರ ಇತ್ತಕ್ಕ. ಪಕ್ಕದ ಮಿಷಿನ್ನೋಳು ಒಂದು ಮಾತ್ರೆ ಕೊಟ್ಳು. ನುಂಗ್ದೆ. ಬೆಳಗಾಗೋ ಒತ್ತಿಗೆ ಇಂಗಾಗೋಗಿತ್ತು" ಎಂದಳು. ಹೊಲಿಗೆ ಸಾಲಿನಿಂದ ಪದೇ ಪದೇ ಎದ್ದು ಹೋಗಲಾಗದೆ ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಅವರು. ಉರಿಮೂತ್ರ ಬರದೆ ಇನ್ನೇನು ಬರುತ್ತದೆ? ಅವಳು ಕರ್ಚೀಫಿನ ಗಂಟು ಬಿಚ್ಚಿ ಆ ಮಾತ್ರೆಯ ಖಾಲಿ ಶೀಟನ್ನು ತೆಗೆದು ಕೊಟ್ಟಳು. "ಯಾವ್ದು ಅಂತ ಕೇಳ್ತೀರ ಅಂತ ಮಡಗಿದ್ದೆ." ಅಷ್ಟು ಬುದ್ಧಿವಂತೆ. ಆ ಊರಿನಲ್ಲಿ ಆವರೆಗೆ ಯಾರೂ ನಮಗೆ ಖಾಲಿ ಶೀಟು ತಂದು ತೋರಿಸಿರಲಿಲ್ಲ.

ಸಲ್ಫಾ ಮಾತ್ರೆ. ಕೆಲವರ ಮೈಗೆ ಅದು ವಿಷ. ಡಾಕ್ಟ್ರಮ್ಮ ಕನ್ನಡಕ ಏರಿಸಿ, ಇಳಿಸಿ, ಶೀಟು ಓದಿ, "ಈ ಜಾತಿ ಮಾತ್ರೆ ಜನ್ಮದಲ್ಲಿ ಇನ್ನೊಂದು ಸಲ ಮುಟ್ಟಬಾರ್ದಮ್ಮ. ಈ ಸಲ ಚರ್ಮಕ್ಕೆ ಆಗಿದೆ. ಮುಂದಿನ ಸಲ ಜೀವಕ್ಕೇ ಬರುತ್ತೆ" ಎಂದರು. ನನ್ನ ಕಡೆ ತಿರುಗಿ, "ದೊಡ್ಡದಾಗಿ ಬರೀರಿ" ಎಂದರು.

ಬರೆದೆ. ಕಾರ್ಡಿನ ನೆತ್ತಿಯ ಮೇಲೆ ಕೆಂಪು ಇಂಕಿನಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದೆ. ದಾಖಲೆಗೆ ಇರಲಿ ಎಂದು ಆ ಖಾಲಿ ಶೀಟನ್ನೂ ಕಾರ್ಡಿಗೆ ಸ್ಟೇಪ್ಲರ್ ಹೊಡೆದು ಸೇರಿಸಿದೆ. ಎಂಥ ಅಚ್ಚುಕಟ್ಟು!

ಅವಳು ಕೈ ಚಾಚಿದಳು. "ಅಕ್ಕ, ಆ ಕಾರ್ಡು ನಂಗೆ ಕೊಡಿ."

"ಇಲ್ಲಮ್ಮ, ಕಾರ್ಡು ಈಗ ನಮ್ಮ ಹತ್ರಾನೇ ಇರೋದು."

"ನಾನು ಕಳ್ಕೊಳಾಕಿಲ್ಲ ಅಕ್ಕ."

ಅವಳ ಹಿಂದೆ ಸಾಲು ಬಾವಿಕಟ್ಟೆಯವರೆಗೂ ಬೆಳೆದಿತ್ತು. ಒಬ್ಬ ಮುದುಕ ಸೂಜಿ ಹಾಕದ ಡಾಕ್ಟರು ಎಂಥ ಡಾಕ್ಟರು ಎಂದು ಕೂಗಾಡುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿದಿತ್ತು. "ಎಲ್ರೂ ಹಂಗೇ ಅಂತಾರೆ. ಆಮೇಲೆ ಮೇಕೆ ತಿಂತು ಅಂತಾರೆ. ನನ್ನ ಹತ್ರ ಬರೆದಿದೆಯಲ್ಲ, ನೀನ್ಯಾಕೆ ತಲೆ ಕೆಡಿಸ್ಕೋತೀಯ? ಹೋಗು, ಮುಂದಿನವರು ಬನ್ನಿ" ಎಂದುಬಿಟ್ಟೆ.

ಅವಳು ಸರಿ ಅಕ್ಕ ಎಂದು ಹೋದಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ, ಒಂದು ಭಾರ ಇಳಿಸಿದ ಹಾಗಿತ್ತು.

ಆಮೇಲಿನ ಎರಡು ಕ್ಯಾಂಪು ಸುಸೂತ್ರವಾಗಿ ನಡೆದವು. ಮೂರನೆಯದಕ್ಕೆ ಜಗಳ ಹತ್ತಿಕೊಂಡಿತು. ಅಯ್ಯನವರಿಗೆ ಕೆಲಸ ಶುರು ಮಾಡುವ ಮುಂಚೆ ಅಂಗನವಾಡಿಯ ಮುಂದಿನ ಅರಳಿಕಟ್ಟೆಯ ಹತ್ತಿರ ನಿಂತು ಎರಡು ನಿಮಿಷ ಪ್ರಾರ್ಥನೆ ಮಾಡುವ ರೂಢಿ. ಎರಡು ನಿಮಿಷ ಎನ್ನುವುದು ಅವರ ಲೆಕ್ಕ, ನನ್ನ ಗಡಿಯಾರದಲ್ಲಿ ಹದಿನೈದು. ಊರಿನ ಕೆಲವರು ಬಂದು, "ಮಾತ್ರೆ ಕೊಡೋಕೆ ಬಂದಿದೀರ, ಮಾತ್ರೆ ಕೊಡಿ ಸಾರ್. ಇದೆಲ್ಲ ನಮ್ ಕಟ್ಟೆ ತಾವ ಬ್ಯಾಡ" ಎಂದರು. ಅಯ್ಯನವರು ಮೃದುವಾಗಿಯೇ ಮಾತಾಡಿದರು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಊರಿನವರೂ ಕದಲಲಿಲ್ಲ. ಯಾರೋ ಅಂಗನವಾಡಿಗೆ ಬೀಗ ಹಾಕಿಸಿದರು. ಕಾದಿದ್ದ ಮುದುಕಿಯರು ಎದ್ದು ಮಂಡಿ ನೀವಿಕೊಳ್ಳುತ್ತಾ ಮನೆಗೆ ಹೋದರು.

ವಾಪಸ್ ಬರುವಾಗ ವ್ಯಾನಿನಲ್ಲಿ ನಾನು ಕೂಗಾಡಿದೆ. "ದೇವರಿಗೆ ವ್ಯಾನಿನೊಳಗೆ ಕೂತು ಹೇಳಿದ್ರೆ ಕೇಳಿಸಲ್ವಾ ಅಯ್ಯನವರೇ?" ಎಂದು ಕೇಳೇಬಿಟ್ಟೆ. ಅಯ್ಯನವರು ಕಣ್ಣು ಕೆಳಗೆ ಮಾಡಿ, "ನಿಮ್ಮ ಮಾತಲ್ಲಿ ಅರ್ಥ ಇದೆ ಅಮ್ಮ" ಎಂದರು. ಅರ್ಥ ಇದೆ ಎಂದವರು ರಾಜಿಗೆ ಹೋಗಲು ಎರಡು ತಿಂಗಳು ತೆಗೆದುಕೊಂಡರು. ಊರಿನವರೂ ಅಷ್ಟೇ ಹಠ ಹಿಡಿದರು. ಇತ್ತ ಕಮಿಟಿ ಮೀಟಿಂಗು, ಅತ್ತ ಪಂಚಾಯ್ತಿ ಮೀಟಿಂಗು. ನನ್ನ ಟ್ರಂಕಿನಲ್ಲಿ ಇಡೀ ಊರಿನ ಕಾಯಿಲೆಗಳು ಬೀಗ ಹಾಕಿಕೊಂಡು ಕೂತಿದ್ದವು. ಆಗಲೂ ನನಗೆ ಅದು ತಪ್ಪು ಎಂದು ಹೊಳೆಯಲಿಲ್ಲ ನೋಡಿ. ಭದ್ರವಾಗಿದೆಯಲ್ಲ ಎಂಬ ಸಮಾಧಾನವೇ ಇತ್ತು.

ಒಂದು ಶುಕ್ರವಾರ ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಫೋನ್ ಬಂತು. ಆ ಊರಿನ ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸುವವಳು, ನಮ್ಮ ಕ್ಯಾಂಪಿಗೆ ಜನ ಕರೆತರುತ್ತಿದ್ದವಳು. "ಮೇಡಂ, ನಮ್ ಟೈಲರಕ್ಕಂಗೆ ತುಂಬಾ ಸೀರಿಯಸ್ಸು. ಮೈಯೆಲ್ಲ ಬೊಬ್ಬೆ, ಬಾಯೆಲ್ಲ ಉಣ್ಣು, ಕಣ್ಣು ಬಿಡಕ್ಕಾಗ್ತಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸವ್ರೆ. ಮುಂಚೆ ಯಾವ್ ಮಾತ್ರೆ ಆಗಿರ್ಲಿಲ್ಲ ಅಂತ ಡಾಕ್ಟ್ರು ಕೇಳ್ತಾವ್ರೆ. ಕಾರ್ಡು ನಿಮ್ ತಾವ ಐತಂತಲ್ಲ?"

ಒಗ್ಗರಣೆ ಹೊತ್ತಿತು. ದೇವರಮನೆಗೆ ಓಡಿ, ಗೊಂಚಲು ತಂದು, ಟ್ರಂಕ್ ತೆಗೆದೆ. ಒಂದೇ ಸಲಕ್ಕೆ ಕಾರ್ಡು ಕೈಗೆ ಬಂತು, ನನ್ನ ನಂಬರಿನ ವ್ಯವಸ್ಥೆ ಅಷ್ಟು ಚೆನ್ನಾಗಿತ್ತು. ಕೆಂಪು ಇಂಕು ಸ್ವಲ್ಪವೂ ಮಾಸಿರಲಿಲ್ಲ. ಖಾಲಿ ಶೀಟು ಹೊಳೆಯುತ್ತಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ಆಶಾಗೆ ಕಳಿಸಿದೆ. ನೀಲಿ ಗೀಟು ಬಂತು, ನೋಡಿದಳು. ಇಡೀ ಕೆಲಸ ಒಂದು ನಿಮಿಷ ಹಿಡಿಯಿತು.

ಒಲೆಯ ಮುಂದೆ ನಿಂತವಳಿಗೆ ಆಗ ನೆನಪಾಯಿತು. ಅವತ್ತು ಕ್ಯಾಂಪಿನಲ್ಲಿ ಕರ್ಚೀಫು ಬಿಚ್ಚುವ ಮುಂಚೆ ಅವಳು ತನ್ನ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದಳು. ಗಾಜು ಒಡೆದ ಫೋನು, ಆದರೆ ಕ್ಯಾಮೆರಾ ಇದ್ದ ಫೋನು. ಈ ಒಂದು ನಿಮಿಷದ ಕೆಲಸವನ್ನು ಆವತ್ತೇ ಮಾಡಬಹುದಿತ್ತು. ಪಕ್ಕದಲ್ಲೇ ಆ ಸೆಲ್ಫಿ ಮಕ್ಕಳು ನಿಂತಿದ್ದರು. ಅವರಿಗೆ ಫೋಟೋ ತೆಗೆಯಬೇಡಿ ಎಂದು ಬೈದವಳೂ ನಾನೇ.

ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ಕ್ಯಾಬ್ ಹತ್ತಿದೆ. ಫೋಟೋ ಹೋಗಿತ್ತು, ಕಾರ್ಡು ಯಾರಿಗೂ ಬೇಕಾಗಿರಲಿಲ್ಲ. ಆದರೂ ಹೊರಟೆ. ವರ್ತೂರು ಕೆರೆಯ ಏರಿಯ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆವು. ಕಿಟಕಿ ಮುಚ್ಚಿದರೂ ಕೆರೆಯ ನಾತ ಒಳಗೆ ಬರುತ್ತಿತ್ತು. ಮುಂದೆ ನೀರಿನ ಟ್ಯಾಂಕರ್, ಹಿಂದೆ ಕಂಪನಿ ಬಸ್ಸು. "ಏನಪ್ಪಾ, ಬೇರೆ ದಾರಿ ಇಲ್ವಾ?" ಎಂದು ಡ್ರೈವರನ್ನು ಗದರಿದೆ. "ಇದ್ದಿದ್ರೆ ನಾನ್ಯಾಕೆ ಇಲ್ಲಿರ್ತಿದ್ದೆ ಮೇಡಂ?" ಎಂದ. ಸಿಟ್ಟಿಗೆ ಅಳು ಬಂತು. ಅವನು ಕನ್ನಡಿಯಲ್ಲಿ ನೋಡಿ, ಏಸಿ ಜಾಸ್ತಿ ಮಾಡಿದ.

ಆಸ್ಪತ್ರೆಯಲ್ಲಿ ಅವಳ ಗುರುತೇ ನನಗೆ ಸಿಗಲಿಲ್ಲ. ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟಿದ್ದರು, ತುಟಿಗಳು ಕರಿಕಲಾಗಿದ್ದವು. ಮಾತಾಡುವ ಹಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಕೂತಿದ್ದರು. ಜ್ವರ ಮತ್ತು ಉರಿಮೂತ್ರ ಎಂದು ಯಾವುದೋ ಕ್ಲಿನಿಕ್ಕಿಗೆ ಹೋಗಿದ್ದರಂತೆ, ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರಂತೆ. ಅದೇ ಜಾತಿಯ ಮಾತ್ರೆ. ನಾನು ಹಲ್ಲು ಕಚ್ಚಿ, "ಆ ಡಾಕ್ಟರು ಮೊದಲು ಕೇಳ್ಬೇಕಿತ್ತು" ಎಂದೆ. ಯಾರನ್ನಾದರೂ ಬೈಯಬೇಕಿತ್ತು ನನಗೆ. ಆ ತಾಯಿ ನನ್ನ ಕೈ ಹಿಡಿದುಕೊಂಡು, "ನೀವು ಬಂದ್ರಲ್ಲ, ಇನ್ನೇನೂ ಬಯ ಇಲ್ಲ ಬಿಡಿ" ಎಂದರು. ನಾನು ಕೈ ಬಿಡಿಸಿಕೊಂಡು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಅವಳು ಬದುಕಿದಳು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳು. ಕಣ್ಣು ಮಾತ್ರ ಮೊದಲಿನ ಹಾಗಾಗಲಿಲ್ಲ. ಕಣ್ಣೀರು ಬತ್ತಿ, ಒಳಗೆಲ್ಲ ಗಾಯ ಕಟ್ಟಿ, ಬೆಳಕು ಕಂಡರೆ ಚುಚ್ಚುವಂತಾಗಿತ್ತು. ಆಳು ಬಂದರೆ ಆಕಾರ ಕಾಣುತ್ತದೆ, ಸೂಜಿ ಕಾಣುವುದಿಲ್ಲ. ಇನ್ನು ಎಷ್ಟು ಸುಧಾರಿಸುತ್ತದೋ ಹೇಳಲಾಗದು ಎಂದರು ಕಣ್ಣಿನ ಡಾಕ್ಟರು. ಕಾಲರ್ ಕೂರಿಸುವ ಮಿಷಿನ್ನಿಗೆ ಬೇರೆಯವಳು ಬಂದು ಕೂತಳು.

ಡಾಕ್ಟ್ರಮ್ಮನ ಮನೆಗೆ ಹೋಗಿ ಟ್ರಂಕಿನ ಬೀಗದ ಕೈ ಮೇಜಿನ ಮೇಲೆ ಕುಕ್ಕಿದೆ. "ನನ್ನಿಂದ ಆಗಿದ್ದು" ಎಂದೆ.

"ನಾನೂ ಒಪ್ಪಿದ್ದೆ ಅಲ್ವಾ" ಎಂದರು ಅವರು.

"ಒಪ್ಪಿದ್ರಾ? ನಾನು ಬಾಯಿ ಮುಚ್ಚಿಸಿದೆ, ನೀವು ಮುಚ್ಕೊಂಡ್ರಿ. ನಿಮ್ಮ ವಯಸ್ಸಿಗೆ ನನ್ನನ್ನ ಒಂದು ಮಾತು ಗದರಬಾರ್ದಿತ್ತಾ?"

ಹಾಗನ್ನಬಾರದಿತ್ತು. ಅವರ ಮುಖ ಸಣ್ಣದಾಯಿತು. "ಗದರಬೇಕಿತ್ತು" ಎಂದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಲೋಟ ನನ್ನ ಮುಂದೆ ಇಡುತ್ತಾ, ಎಲ್ಲ ಕಾರ್ಡುಗಳನ್ನೂ ವಾಪಸ್ ಕೊಟ್ಟುಬಿಡುವುದು ಎಂದು ಅವರೇ ಹೇಳಿದರು.

ಜಗಳವೂ ಅಷ್ಟರಲ್ಲಿ ತೀರಿತ್ತು. ಪ್ರಾರ್ಥನೆ ವ್ಯಾನಿನೊಳಗೆ, ಮಾತ್ರೆ ಅಂಗನವಾಡಿಯಲ್ಲಿ ಎಂದು ತೀರ್ಮಾನ. ನಾನು ಮೊದಲ ದಿನವೇ ಹೇಳಿದ್ದು ಅದನ್ನೇ. ಆ ಶನಿವಾರ ಊರಿನ ಹೊರಗೆ ವ್ಯಾನ್ ನಿಲ್ಲಿಸಿ ಅಯ್ಯನವರು ಅವಳ ಜೀವ ಉಳಿಸಿದ್ದಕ್ಕೆ ದೇವರಿಗೆ ವಂದನೆ ಹೇಳಿದರು. ಮನಸಾರೆಯೇ ಹೇಳಿದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲು ತೆಗೆದು ಕೆಳಗಿಳಿದು, ಟ್ರಂಕಿನಿಂದ ಅವಳ ಕಾರ್ಡು ತೆಗೆದುಕೊಂಡು ನಡೆದೇ ಊರೊಳಗೆ ಹೋದೆ.

ಒಂದೇ ಕೋಣೆಯ ಶೀಟಿನ ಮನೆ. ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟು ಒಳಗೆ ಕತ್ತಲು ಮಾಡಿಕೊಂಡಿದ್ದರು. ಅವಳು ಕಪ್ಪು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ದನಿ ಕೇಳಿ, "ಬನ್ನಿ ಅಕ್ಕ, ಕೂತ್ಕಳಿ" ಎಂದು ಚಾಪೆ ತಡಕಿ ಸರಿಸಿದಳು. ಬೈಯುತ್ತಾಳೆ ಎಂದು ಕಾದೆ. ದಾರಿಯುದ್ದಕ್ಕೂ ಅದಕ್ಕೇ ತಯಾರಾಗಿ ಬಂದಿದ್ದೆ. ಅವಳು ಕಾಫಿ ಕುಡಿತೀರಾ ಎಂದು ಕೇಳಿದಳು.

"ಆ ಡಾಕ್ಟರು ನಿನ್ನ ಕೇಳ್ಲೇ ಇಲ್ವಾ, ಯಾವ ಮಾತ್ರೆ ಆಗಲ್ಲ ಅಂತ?" ಎಂದೆ. ಆಗಲೂ ಆ ಡಾಕ್ಟರದೇ ತಪ್ಪಾಗಿರಲಿ ಎಂದು ನನ್ನ ಮನಸ್ಸು ಹಂಬಲಿಸುತ್ತಿತ್ತು.

"ಕೇಳಿದ್ರಕ್ಕ. ಯಾವ್ದಾರ ಮಾತ್ರೆ ಆಗಾಕಿಲ್ವೇನಮ್ಮ ಅಂದ್ರು. ಐತೆ ಸಾರ್, ನಮ್ ಮೇಡಂ ತಾವ ಬರ್ದೈತೆ ಅಂದೆ. ಯಾವ್ದು, ಎಸ್ರೇನು ಅಂದ್ರು. ಕೆಂಪು ಇಂಕಲ್ಲಿ ಬರ್ದವ್ರೆ ಅಂದೆ." ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಎಸ್ರು ಗೊತ್ತಿಲ್ದೆ ನಾನೇನ್ ಮಾಡ್ಲಮ್ಮ ಅಂದ್ರು. ಅವ್ರಾದ್ರೂ ಏನ್ ಮಾಡ್ತಾರೆ ಪಾಪ."

ನಾನು ಚೀಲದಿಂದ ಕಾರ್ಡು ತೆಗೆದೆ. "ಇದು ನಿನ್ನದು. ಇಟ್ಕೋ" ಎಂದೆ.

ಅವಳು ಎದ್ದು, ಗೋಡೆ ಹಿಡಿದು ಎರಡು ಹೆಜ್ಜೆ ಹೋಗಿ, ತಲೆಗಿಂತ ಮೇಲೆ ಕೈ ಚಾಚಿ ತಡಕಿದಳು. ಸೂರಿನ ತೊಲೆಯಿಂದ ಹಗ್ಗ ಕಟ್ಟಿ ಒಂದು ದಪ್ಪ ಪ್ಲಾಸ್ಟಿಕ್ ಕವರನ್ನು ತೂಗುಹಾಕಿದ್ದರು. ತೊಲೆಯ ಮೇಲೆ ಓಡಾಡುವ ಇಲಿಗೆ ಎಟುಕದಷ್ಟು ಕೆಳಗೆ, ಸೋರುವ ಶೀಟಿನಿಂದ ದೂರ. ಅದನ್ನು ಇಳಿಸಿ, ಬಾಯಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ, ಒಳಗಿದ್ದುದನ್ನು ಒಂದೊಂದಾಗಿ ಚಾಪೆಯ ಮೇಲೆ ಇಟ್ಟಳು. ರೇಷನ್ ಕಾರ್ಡು, ಮೂವರ ಆಧಾರ್, ಮಗಳ ಜನನ ಪತ್ರ, ತನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಅದು ಇಪ್ಪತ್ತು ವರ್ಷ ಹಳೆಯದು, ಅಂಚು ಕೂಡ ಮಡಚಿರಲಿಲ್ಲ. ನನ್ನ ಟ್ರಂಕಿಗಿಂತ ಅಚ್ಚುಕಟ್ಟಾಗಿತ್ತು.

ನಾನು ಈ ಊರಿಗೆ ಬರತೊಡಗಿ ಒಂದು ವರ್ಷವಾಗಿತ್ತು. ಯಾವುದನ್ನು ಕಳೆದುಕೊಂಡಿರಿ ಎಂದು ಮನೆ ಮನೆಯವರನ್ನೂ ಗದರಿ ಕೇಳಿದ್ದೆ. ಯಾವುದನ್ನು ಎಲ್ಲಿ ಜೋಪಾನ ಮಾಡುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ.

"ಆಸ್ಪತ್ರೆಗೆ ಓಗೋವಾಗ ಇದು ಜೊತೇಲೇ ಇರ್ತದೆ ಅಕ್ಕ, ಆಧಾರ್ ಕೇಳ್ತಾರಲ್ಲ" ಎಂದಳು. "ಅವತ್ತೂ ಕಂಕುಳಲ್ಲೇ ಇತ್ತು."

ಅವಳು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಬೆರಳಲ್ಲಿ ಸವರಿ, ಸ್ಟೇಪ್ಲರ್ ಪಿನ್ನನ್ನೂ ಖಾಲಿ ಶೀಟನ್ನೂ ಮುಟ್ಟಿ ನೋಡಿದಳು. ತನ್ನದೇ ಶೀಟು ಎಂದು ಗುರುತು ಹತ್ತಿತೇನೋ, ಒಂದು ಗಳಿಗೆ ಕೈ ಅಲ್ಲೇ ನಿಂತಿತು. ಕಾರ್ಡನ್ನು ಕನ್ನಡಕದ ಹತ್ತಿರಕ್ಕೆ ತಂದು, ದೂರ ಹಿಡಿದು, ಮತ್ತೆ ನನ್ನ ಕೈಗೇ ಕೊಟ್ಟಳು.

"ಏನಂತ ಬರ್ದಿದೀರ ಅಕ್ಕ? ಓದಿ."

"ಸಲ್ಫಾ" ಎಂದೆ. "ಸಲ್ಫಾ ಮಾತ್ರೆ ಕೊಡಬಾರದು."

"ಸಲ್ಫಾ" ಎಂದಳು ಅವಳು. ಇನ್ನೊಂದು ಸಲ ಹೇಳಿದಳು. ಮೂಲೆಯಲ್ಲಿ ಕೂತಿದ್ದ ಮಗಳ ಕಡೆ ತಿರುಗಿ, "ನೀನೂ ಏಳೇ, ಸಲ್ಫಾ" ಎಂದಳು. ಮಗಳೂ ಹೇಳಿದಳು.

"ಇಷ್ಟೇನಾ ಅಕ್ಕ?" ಎಂದು ಕೇಳಿದಳು. "ಇಷ್ಟೇ ಆಗಿದ್ರೆ ನಾನು ಬಾಯಲ್ಲೇ ಇಟ್ಕಂಡಿರ್ತಿದ್ನಲ್ಲ."

"ಹೂಂ, ಇಷ್ಟೇ" ಎಂದೆ.